ಭೂತನಾಥನ ಮೂರು ಬೆಳಕು: ಸಂಜೆ, ನಸುಕು, ಮೋಡ

ಬಾದಾಮಿಯ ಅಗಸ್ತ್ಯ ತೀರ್ಥವೆಂಬ ಕೆರೆಯ ದಂಡೆಯಲ್ಲಿ ನಿಂತು ಭೂತನಾಥ ಗುಡಿಯ ಚಿತ್ರ ತೆಗೆಯದ ಛಾಯಾಗ್ರಾಹಕ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಅಷ್ಟು ಚಿತ್ರಗಳ ನಡುವೆ ಒಂದನ್ನು ಮೆಚ್ಚಿ ಇನ್ನೊಂದನ್ನು ಬದಿಗಿಡುವಾಗ ನಾವು ಹೆಚ್ಚಾಗಿ ಬಣ್ಣವನ್ನೇ ಅಳತೆಗೋಲಾಗಿ ಹಿಡಿಯುತ್ತೇವೆ. ಬಂಡೆ ಎಷ್ಟು ಕೆಂಪಗಿದೆಯೋ ಚಿತ್ರ ಅಷ್ಟು ಚೆನ್ನ ಎಂಬ ತೀರ್ಮಾನ ತಾನಾಗಿಯೇ ಬಂದುಬಿಡುತ್ತದೆ. ಈ ಅಳತೆಗೋಲು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂದು ತಿಳಿಯಲು ಇದೇ ಗುಡಿಯನ್ನು ಸಂಜೆಯ ಬಿಸಿಲಿನಲ್ಲಿ, ನಸುಕಿನಲ್ಲಿ ಮತ್ತು ಮಳೆಗಾಲದ ಮೋಡದ ಕೆಳಗೆ ನಾನು ತೆಗೆದ ಚಿತ್ರಗಳನ್ನು 12x18 ಇಂಚಿನ ಪ್ರಿಂಟು ಹಾಕಿಸಿ, ಒಂದೇ ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟು, ಊರಿನ ಒಂದಿಬ್ಬರು ಗೆಳೆಯರೊಂದಿಗೆ ಕುಳಿತು ನೋಡಿದೆ. ಮೊಬೈಲ್ ಪರದೆಯ ಮೇಲೆ ಒಂದೊಂದಾಗಿ ಸರಿಸುತ್ತ ನೋಡುವಾಗ ಕಾಣದ ಎಷ್ಟೋ ಗುಣದೋಷಗಳು ಹೀಗೆ ಪಕ್ಕಪಕ್ಕದಲ್ಲಿಟ್ಟಾಗ ಕಣ್ಣಿಗೆ ಬೀಳುತ್ತವೆ.

ಈ ಸ್ಥಳದ ನಿಜವಾದ ತೊಡಕನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗುಡಿಯೂ ಅದರ ಹಿಂದಿನ ಗುಡ್ಡವೂ ಒಂದೇ ಕೆಂಪು ಮರಳುಗಲ್ಲಿನವು. ಹಸಿರು ತೋಟದ ನಡುವಿನ ಬಿಳಿ ಗುಡಿಯಾಗಿದ್ದರೆ ಬಣ್ಣವೇ ಅದನ್ನು ಹಿನ್ನೆಲೆಯಿಂದ ಬಿಡಿಸಿ ಕೊಡುತ್ತಿತ್ತು. ಇಲ್ಲಿ ಬಣ್ಣಕ್ಕೆ ಆ ಶಕ್ತಿಯಿಲ್ಲ. ಗುಡಿಯ ಶಿಖರ ಎಲ್ಲಿ ಮುಗಿಯಿತು, ಬಂಡೆ ಎಲ್ಲಿ ಶುರುವಾಯಿತು ಎಂಬುದನ್ನು ನೋಡುಗನಿಗೆ ತೋರಿಸಿಕೊಡಬೇಕಾದದ್ದು ನೆರಳು ಮಾತ್ರ. ಆದ್ದರಿಂದ ಮೂರೂ ಚಿತ್ರಗಳಿಗೆ ನಾನು ಕೇಳಿದ ಮೊದಲ ಪ್ರಶ್ನೆ ಒಂದೇ: ಈ ಬೆಳಕು ಗುಡಿಯನ್ನು ಬಂಡೆಯಿಂದ ಬಿಡಿಸಿದೆಯೋ, ಇಲ್ಲವೋ?

ಸಂಜೆಯ ಚಿತ್ರವೇ ಎಲ್ಲರ ಕೈ ಮೊದಲು ಹೋಗುವ ಚಿತ್ರ. ಗುಡಿ ಕೆರೆಯ ಪೂರ್ವ ದಂಡೆಯಲ್ಲಿದ್ದು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಇಳಿಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಒಳಗಿನ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ನೀರಿನ ಕಡೆಗೆ ತೆರೆದುಕೊಂಡಿರುವ ಮಂಟಪ ಆಮೇಲೆ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸೇರಿದ್ದು. ಆ ಮಂಟಪದ ಕಂಬಗಳ ನಡುವೆ ಬಿಸಿಲು ಒಳಹೊಕ್ಕು ನೆಲದವರೆಗೂ ಬೆಳಗುವುದು ಸಂಜೆ ಮಾತ್ರ, ಉಳಿದ ಹೊತ್ತಿನಲ್ಲಿ ಅದು ಬರೀ ಕಪ್ಪು ಗವಿಯಂತೆ ಕಾಣುತ್ತದೆ. ಇದು ಸಂಜೆಯ ದೊಡ್ಡ ಲಾಭ. ಆದರೆ ಬೇಸಿಗೆಯ ಪ್ರಿಂಟನ್ನೂ ಡಿಸೆಂಬರಿನ ಪ್ರಿಂಟನ್ನೂ ಜೋಡಿಸಿಟ್ಟಾಗ ಎರಡೂ ಸಂಜೆಯವೇ ಎಂದು ನಂಬುವುದೇ ಕಷ್ಟವಾಯಿತು. ಬಾದಾಮಿಯ ಅಕ್ಷಾಂಶದಲ್ಲಿ ಜೂನ್ ತಿಂಗಳ ಸೂರ್ಯ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಮುಳುಗುತ್ತಾನೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಮ್ಯೂಸಿಯಂ ಕಡೆಯ ಉತ್ತರ ದಂಡೆಯಲ್ಲಿ ನಿಂತು ಗುಡಿಯತ್ತ ಕ್ಯಾಮೆರಾ ಹಿಡಿದವನಿಗೆ ಬೇಸಿಗೆಯ ಸೂರ್ಯ ಬಹುತೇಕ ಬೆನ್ನ ಹಿಂದೆಯೇ ಇರುತ್ತಾನೆ. ನೆರಳೆಲ್ಲ ವಸ್ತುವಿನ ಹಿಂದೆ ಅಡಗಿಬಿಡುವುದರಿಂದ ಗುಡಿ, ಮೆಟ್ಟಿಲು, ಬಂಡೆ ಎಲ್ಲವೂ ಒಂದೇ ಕೆಂಪು ಪರದೆಗೆ ಅಂಟಿಸಿದ ಹಾಗೆ ಕಾಣುತ್ತವೆ. ಡಿಸೆಂಬರಿನಲ್ಲಿ ಅದೇ ಬೆಳಕು ಬಲಗಡೆಯಿಂದ ಓರೆಯಾಗಿ ಬಂದು ಶಿಖರದ ಒಂದೊಂದು ಅಂತಸ್ತಿನ ಕೆಳಗೂ ತೆಳುವಾದ ನೆರಳಿನ ಗೆರೆ ಎಳೆಯುತ್ತದೆ. ಬಣ್ಣದಲ್ಲಿ ಬೇಸಿಗೆಯ ಚಿತ್ರವೇ ಗಾಢ. ಆಕಾರದಲ್ಲಿ ಚಳಿಗಾಲದ್ದೇ ಮೇಲು. ಬೇಸಿಗೆಯ ಪ್ರಿಂಟನ್ನು ಕೈಗೆತ್ತಿಕೊಂಡ ಗೆಳೆಯರೊಬ್ಬರು, "ಚೊಲೊ ಐತ್ರಿ, ಆದ್ರ ಗುಡಿ ಎಲ್ಲೈತಿ ಅಂತ ಹುಡುಕಬೇಕಾಗೇತಿ" ಎಂದರು. ಅದಕ್ಕಿಂತ ಚೊಕ್ಕ ವಿಮರ್ಶೆಯನ್ನು ನಾನು ಬರೆಯಲಾರೆ.

ಸಂಜೆಯ ಚಿತ್ರಗಳಲ್ಲಿ ಇನ್ನೊಂದು ದೋಷ ಅಡಗಿರುತ್ತದೆ. ಕೆಂಪು ಕಲ್ಲಿನ ಮೇಲೆ ಕೆಂಪು ಬಿಸಿಲು ಬಿದ್ದಾಗ ಕ್ಯಾಮೆರಾ ಕೆಂಪು, ಹಸಿರು, ನೀಲಿ ಎಂದು ಬೇರೆಬೇರೆಯಾಗಿ ಅಳೆಯುವ ಮೂರು ಚಾನೆಲುಗಳಲ್ಲಿ ಕೆಂಪಿನದು ಉಳಿದೆರಡಕ್ಕಿಂತ ಬೇಗ ತುಂಬಿ ಹರಿಯುತ್ತದೆ. ಒಟ್ಟು ಬೆಳಕಿನ ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ತೋರಿಸುವ ನಕ್ಷೆ) ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ, ಆದರೆ ಮೂರು ಬಣ್ಣಗಳ ಹಿಸ್ಟೋಗ್ರಾಮನ್ನು ಬೇರೆಬೇರೆಯಾಗಿ ತೆರೆದರೆ ಕೆಂಪಿನದು ಬಲ ಅಂಚಿಗೆ ಒತ್ತಿಕೊಂಡಿರುತ್ತದೆ. ಅಂಥ ಕಡೆ ಬಂಡೆಯ ಪದರಗಳು, ಸವೆದ ಗೀರುಗಳು ಅಳಿಸಿಹೋಗಿ ಕುಂಕುಮ ಬಳಿದಂಥ ಚಪ್ಪಟೆ ಬಣ್ಣವೊಂದೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸಿದ ಚಿತ್ರಗಳೇ ನಮ್ಮ ಹೋಟೆಲುಗಳ ಗೋಡೆಗಳ ಮೇಲೆ ಹೆಚ್ಚು.

ನಸುಕಿನ ಚಿತ್ರದ ಬಗ್ಗೆ ಕಡಿಮೆ ಮಾತು ಸಾಕು. ಸೂರ್ಯ ಗುಡಿಯ ಹಿಂದಿನಿಂದ, ಅದೂ ಗುಡ್ಡವನ್ನು ಹತ್ತಿ ಬರಬೇಕಾದ್ದರಿಂದ, ಊರಿನಲ್ಲಿ ಬೆಳಕು ಹರಿದ ಮೇಲೂ ಗುಡಿ ಬಹಳ ಹೊತ್ತು ನೆರಳಿನಲ್ಲೇ ಇರುತ್ತದೆ; ಬಿಸಿಲು ಅಲ್ಲಿಗೆ ತಲುಪುವಷ್ಟರಲ್ಲಿ ಮುಂಜಾವಿನ ಹೊಂಬಣ್ಣ ಮುಗಿದಿರುತ್ತದೆ. ಹಾಗಾಗಿ ಬಾದಾಮಿಯ ಈ ದಂಡೆಯಲ್ಲಿ 'ಹೊನ್ನಿನ ಹೊತ್ತು' ಎಂಬುದು ಬೆಳಿಗ್ಗೆಯ ಪಾಲಿಗೆ ಇಲ್ಲವೆಂದೇ ಹೇಳಬೇಕು. ಸಿಗುವುದು ತಣ್ಣನೆಯ ನೀಲಿ ಬೆಳಕು, ಗಾಳಿಯಿಲ್ಲದ್ದರಿಂದ ಅಲುಗದ ನೀರು ಮತ್ತು ಅದರಲ್ಲಿ ತುಂಡಾಗದ ಪ್ರತಿಬಿಂಬ. ಬೆಳಕಿನ ಬಣ್ಣವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಆ ನೀಲಿಯನ್ನು ತಪ್ಪೆಂದು ತಿಳಿದು ತಿದ್ದಿಬಿಡುತ್ತದೆ. ಡೇಲೈಟ್‌ಗೆ ಇಟ್ಟರೆ ಭಾವ ಉಳಿಯುತ್ತದೆ. ಪ್ರತಿಬಿಂಬದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅದು ಗುಡಿಯ ತದ್ರೂಪವಲ್ಲ. ಕ್ಯಾಮೆರಾ ನೀರಿನಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗಿನಿಂದ ನೋಡಿದರೆ ಗುಡಿ ಹೇಗೆ ಕಂಡೀತೋ ಹಾಗೆ ಕಾಣುತ್ತದೆ. ಆದ್ದರಿಂದ ಎತ್ತರದ ಮೆಟ್ಟಿಲ ಮೇಲೆ ನಿಂತು ತೆಗೆದ ಚಿತ್ರದ ಪ್ರತಿಬಿಂಬದಲ್ಲಿ ಮಂಟಪದ ಚಜ್ಜದ ಅಡಿಭಾಗ ಕಾಣಿಸಿ ಹಿಂದಿನ ಶಿಖರ ಗಿಡ್ಡವಾಗುತ್ತದೆ. ಕೊನೆಯ ಮೆಟ್ಟಿಲಿಗಿಳಿದು ಟ್ರೈಪಾಡಿನ ಕಾಲು ಮಡಚಿ ತೆಗೆದರೆ ಮೇಲಿನದಕ್ಕೂ ಕೆಳಗಿನದಕ್ಕೂ ಹೆಚ್ಚು ಹೊಂದಿಕೆ ಬರುತ್ತದೆ. ಇಷ್ಟೆಲ್ಲ ಇದ್ದರೂ ನನ್ನ ಮೊದಲ ಪ್ರಶ್ನೆಗೆ ನಸುಕಿನ ಉತ್ತರ ಅರ್ಧ ಮಾತ್ರ: ನೆರಳಿನ ಗುಡಿಯ ಹಿಂದೆ ನೆರಳಿನದೇ ಬಂಡೆ.

ಮೋಡದ ಚಿತ್ರವನ್ನು ಮೇಜಿನ ಮೇಲಿಟ್ಟಾಗ ಮೊದಲಿಗೆ ಯಾರೂ ಅದನ್ನು ಮುಟ್ಟಲಿಲ್ಲ. ಬಿಸಿಲಿಲ್ಲ, ಆಕಾಶದಲ್ಲಿ ಬಣ್ಣವಿಲ್ಲ, ನೀರು ಹಸಿರು ಕಟ್ಟಿದ ಬೂದಿ. ಆದರೆ ಉಳಿದ ಎರಡನ್ನು ನೋಡಿ ಮುಗಿಸಿದವರು ಮತ್ತೆ ಬಂದು ನಿಂತದ್ದು ಇದರ ಮುಂದೆಯೇ, ಅದಕ್ಕೆ ಕಾರಣಗಳೂ ಇವೆ. ಮೋಡ ಮುಚ್ಚಿದ ದಿನ ಇಡೀ ಆಕಾಶವೇ ಒಂದು ದೊಡ್ಡ ದೀಪ. ಬೆಳಕು ಮೇಲಿನಿಂದ ಇಳಿಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರದಲ್ಲಿ ಆಕಾಶ ನೋಡುವ ಪ್ರತಿ ಅಂಚೂ ತಿಳಿಯಾಗಿ, ಅದರ ಕೆಳಮೈ ಕಪ್ಪಾಗಿ, ಅಂತಸ್ತುಗಳು ಎಣಿಸುವಷ್ಟು ಸ್ಪಷ್ಟವಾಗುತ್ತವೆ. ಹಿಂದಿನ ಬಂಡೆ ಕಡಿದಾಗಿ ನಿಂತಿರುವುದರಿಂದ ಮೇಲಿನ ಬೆಳಕು ಅದರ ಮೈಮೇಲೆ ಜಾರಿಹೋಗಿ ಅದು ಗುಡಿಗಿಂತ ಒಂದು ಪಟ್ಟು ಮಬ್ಬಾಗಿಯೇ ಉಳಿಯುತ್ತದೆ. ಸಾಲದ್ದಕ್ಕೆ ಮಳೆನೀರು. ಒಣಕಲ್ಲು ಬೆಳಕನ್ನು ಮೇಲ್ಮೈಯಿಂದಲೇ ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ತೇವವಾದ ಕಲ್ಲಿನ ಮೇಲೆ ನೀರಿನ ತೆಳುಪದರ ಆ ಚೆದುರುವಿಕೆಯನ್ನು ತಗ್ಗಿಸುವುದರಿಂದ ಕಲ್ಲು ಗಾಢವೂ ಕಪ್ಪೂ ಆಗುತ್ತದೆ. ಗುಡ್ಡದ ತಲೆಯಿಂದ ನೀರು ಇಳಿದ ಕಡೆಯಲ್ಲೆಲ್ಲ ಬಂಡೆಯ ಮೇಲೆ ಕಡುಗಪ್ಪು ಪಟ್ಟೆಗಳು ಮೂಡುತ್ತವೆ, ಅವುಗಳ ನಡುವೆ ಒಣಗಿದ ಜಾಗ ಇಟ್ಟಿಗೆ ಬಣ್ಣದಲ್ಲಿ ಉಳಿಯುತ್ತದೆ. ಜೋರು ಮಳೆಯಾದ ದಿನ ಅಕ್ಕ-ತಂಗಿ ಜಲಪಾತವೂ ಧುಮುಕುತ್ತಿದ್ದರೆ ಆ ಕಪ್ಪಿನ ಮೇಲೆ ಎರಡು ಬಿಳಿ ಗೆರೆ. ಈ ಉದ್ದ ಗೆರೆಗಳ ಎದುರು ಗುಡಿಯ ಅಡ್ಡ ಗೆರೆಗಳು ನಿಂತಾಗ ಗುಡಿ ಬಂಡೆಯಿಂದ ತಾನೇ ಬಿಡಿಸಿಕೊಂಡು ಮುಂದೆ ಬರುತ್ತದೆ. ಇಲ್ಲಿ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಬಳಸುವವರು ಅರ್ಧ ತಿರುಗಿಸಿ ನಿಲ್ಲಿಸುವುದು ಒಳ್ಳೆಯದು. ಪೂರ್ತಿ ತಿರುಗಿಸಿದರೆ ತೇವಗಲ್ಲಿನ ಹೊಳಪೆಲ್ಲ ಹೋಗಿ ಮಳೆ ಬಂದದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಮೋಡದ ಚಿತ್ರಕ್ಕೂ ಕೊರತೆಗಳಿವೆ. ಮಂಟಪದ ಒಳಗು ಕಾಣುವುದಿಲ್ಲ. ಬರಿ ಬಿಳಿಯಾದ ಆಕಾಶ ಚೌಕಟ್ಟಿನಲ್ಲಿ ಹೆಚ್ಚು ಜಾಗ ತೆಗೆದುಕೊಂಡರೆ ಕಣ್ಣು ಅಲ್ಲಿಗೇ ಓಡಿ, ಗುಡಿಗೆ ಹಿಂತಿರುಗಲು ಒಪ್ಪುವುದಿಲ್ಲ. ಈ ಎರಡನೆಯ ಕೊರತೆಯೇ ಲೆನ್ಸಿನ ಆಯ್ಕೆಯನ್ನೂ ನಿರ್ಧರಿಸುತ್ತದೆ. ಪಶ್ಚಿಮ ದಂಡೆಯಿಂದ ವೈಡ್ ಲೆನ್ಸಿನಲ್ಲಿ ತೆಗೆದರೆ ಕೆರೆ, ಎರಡೂ ಗುಡ್ಡ, ಆಕಾಶ ಎಲ್ಲ ಬರುತ್ತವೆ, ಗುಡಿ ಮಾತ್ರ ಬೆರಳ ಉಗುರಿನಷ್ಟಾಗುತ್ತದೆ. ಮುನ್ನೆಲೆಯಲ್ಲಿ ಹಿಡಿದಿಡುವಂಥದ್ದು ಏನೂ ಇಲ್ಲದಿದ್ದರೆ ಆ ಚಿತ್ರ ಸ್ಥಳದ ದಾಖಲೆಯಾಗುತ್ತದೆ, ಅಷ್ಟೇ. ಬಟ್ಟೆ ಒಗೆಯುವವರು ಮೆಟ್ಟಿಲ ಮೇಲೆ ಹರವಿದ ಸೀರೆಗಳು ಮುನ್ನೆಲೆಗೆ ಬಂದ ನನ್ನ ಒಂದು ವೈಡ್ ಚಿತ್ರ ಗೆದ್ದಿರುವುದು ಆ ಸೀರೆಗಳಿಂದಲೇ, ಗುಡಿಯಿಂದಲ್ಲ. ಅದೇ ಜಾಗದಿಂದ ದೂರದ್ದನ್ನು ಹತ್ತಿರ ತರುವ 200 ಮಿಲಿಮೀಟರ್ ಲೆನ್ಸಿನಲ್ಲಿ ತೆಗೆದಾಗ ಆಕಾಶ ಪೂರ್ತಿ ಹೊರಗುಳಿಯುತ್ತದೆ, ಬಂಡೆ ಗುಡಿಯ ಬೆನ್ನಿಗೆ ಒತ್ತಿ ಬಂದು ನಿಲ್ಲುತ್ತದೆ. ದೂರ ನಿಂತು ಕತ್ತರಿಸಿ ನೋಡುವುದರಿಂದ ಆಗುವ ಈ ಒತ್ತಡ ಮೋಡದ ಬೆಳಕಿಗೆ ಒಪ್ಪುತ್ತದೆ. ಬೇಸಿಗೆ ಸಂಜೆಯ ಚಪ್ಪಟೆ ಬೆಳಕಿನಲ್ಲಿ ಇದೇ ಲೆನ್ಸು ಇದ್ದ ದೋಷವನ್ನು ಇಮ್ಮಡಿ ಮಾಡುತ್ತದೆ. ಅಲ್ಲಿ ವೈಡ್ ಮೇಲು.

ಕಪ್ಪು-ಬಿಳುಪಿಗೆ ಬದಲಿಸಿ ನೋಡುವುದು ಈ ಹೋಲಿಕೆಗೆ ಒಳ್ಳೆಯ ಪರೀಕ್ಷೆ, ಏಕೆಂದರೆ ಬಣ್ಣ ತೆಗೆದ ಮೇಲೆ ಉಳಿಯುವುದೇ ಬೆಳಕಿನ ನಿಜವಾದ ದುಡಿಮೆ. ಬೇಸಿಗೆಯ ಸಂಜೆ ಇಲ್ಲಿ ಪೂರ್ತಿ ಸೋತಿತು. ಮೋಡದ ಚಿತ್ರ ಬಣ್ಣಕ್ಕಿಂತ ಇಲ್ಲಿಯೇ ಹೆಚ್ಚು ಚೆನ್ನಾಯಿತು, ಆದರೆ ಯಾವ ಚಾನೆಲಿನಿಂದ ಬದಲಿಸಿದೆವು ಎನ್ನುವುದರ ಮೇಲೆ ಭಾವವೇ ಬೇರೆಯಾಗುತ್ತದೆ. ಕೆಂಪು ಚಾನೆಲಿನಿಂದ ಕಲ್ಲು ತಿಳಿಯಾಗಿ ಹಗುರವಾಗುತ್ತದೆ; ನೀಲಿ ಚಾನೆಲಿನಿಂದ ಅದೇ ಕಲ್ಲು ಕಬ್ಬಿಣದಂತೆ ಕಪ್ಪಾಗಿ, ಆಕಾಶ ಕಾಗದದಷ್ಟು ಬಿಳಿಯಾಗುತ್ತದೆ. 1855ರಲ್ಲಿ ಮುಂಬಯಿ ಸರ್ಕಾರದ ನೇಮಕದ ಮೇಲೆ ವಿಜಯಪುರ, ಬಾದಾಮಿ, ಐಹೊಳೆಗಳ ಸ್ಮಾರಕಗಳನ್ನು ಚಿತ್ರಿಸಿದ ಥಾಮಸ್ ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಆ ಕಾಲದ ರಾಸಾಯನಿಕಗಳು ಮುಖ್ಯವಾಗಿ ನೀಲಿ ಬೆಳಕಿಗಷ್ಟೇ ಸ್ಪಂದಿಸುತ್ತಿದ್ದವು. ಕೆಂಪು ಕಲ್ಲಿನ ನಾಡಿಗೆ ಅದು ಒಗ್ಗದ ಸಾಮಗ್ರಿ ಎನಿಸಬಹುದು. ಆದರೂ ನನ್ನ ಮೋಡದ ಚಿತ್ರವನ್ನು ನೀಲಿ ಚಾನೆಲಿನಿಂದ ಬದಲಿಸಿ ನೋಡಿದಾಗ ಬಂಡೆಗೆ ಬಂದ ಭಾರ, ಕೆಂಪಿನಿಂದ ಬದಲಿಸಿದ್ದರಲ್ಲಿ ಇರಲಿಲ್ಲ. ನನ್ನ ಒಲವು ಆ ಭಾರದ ಕಡೆಗಿದೆ. ಮೇಜಿನ ಸುತ್ತ ಕುಳಿತವರಲ್ಲಿ ಎಲ್ಲರೂ ಇದನ್ನು ಒಪ್ಪಲಿಲ್ಲ.

ಮೊಬೈಲಿನಲ್ಲೂ ಮೂರೂ ಹೊತ್ತು ತೆಗೆದು ನೋಡಿದ್ದೇನೆ. ಸಂಜೆಗೆ ಅದು ಸಾಕು. ನಸುಕಿಗೆ ಸಾಲದು: ಕತ್ತಲು-ಬೆಳಕುಗಳ ಅಂತರವನ್ನು ತಾನಾಗಿಯೇ ತಗ್ಗಿಸುವ ಅದರ ಎಚ್‌ಡಿಆರ್ ನೆರಳನ್ನೆಲ್ಲ ಮೇಲೆತ್ತಿ ನಸುಕನ್ನು ಮಧ್ಯಾಹ್ನ ಮಾಡುತ್ತದೆ.

ಸ್ಪರ್ಧೆಗೆ ಕಳಿಸುವುದಾದರೆ ನಾನು ಡಿಸೆಂಬರಿನ ಸಂಜೆಯನ್ನೇ ಕಳಿಸುತ್ತೇನೆ, ಏಕೆಂದರೆ ತೀರ್ಪುಗಾರರಿಗೆ ಒಂದೊಂದು ಚಿತ್ರದ ಮುಂದೆ ನಿಲ್ಲಲು ಇರುವ ಸಮಯ ತೀರಾ ಕಡಿಮೆ. ಮನೆಯ ಗೋಡೆಗೆ, ದಿನಾಲೂ ನೋಡುವುದಕ್ಕೆ, ಮೋಡದ ಚಿತ್ರ. ಹೊಳಪಿನ ಕಾಗದ ಸಂಜೆಯ ಬಣ್ಣಕ್ಕೆ ಸರಿ. ಮೋಡದ ಚಿತ್ರವನ್ನು ಅದರ ಮೇಲೆ ಹಾಕಿಸಿದರೆ ಕಿಟಕಿಯ ಬೆಳಕು ಬಂಡೆಯ ಕಪ್ಪಿನಲ್ಲೇ ಹೊಳೆದು ಪಟ್ಟೆಗಳು ಕಾಣದಾಗುತ್ತವೆ, ಆದ್ದರಿಂದ ಮ್ಯಾಟ್ ಕಾಗದವನ್ನೇ ಕೇಳಿ ಪಡೆಯಬೇಕು. ಮ್ಯಾಟ್ ಮೇಲೆ ಕಪ್ಪು ಸ್ವಲ್ಪ ಬೂದಿಗೆ ತಿರುಗುವುದು ನಿಜವಾದ್ದರಿಂದ, ಸ್ಟುಡಿಯೋಗೆ ಫೈಲು ಕೊಡುವ ಮೊದಲು ಬಂಡೆಯ ಕಾಂಟ್ರಾಸ್ಟನ್ನು ಪರದೆಯ ಮೇಲೆ ಸರಿಕಂಡದ್ದಕ್ಕಿಂತ ತುಸು ಏರಿಸಿ, ಚಿಕ್ಕದೊಂದು ಪಟ್ಟಿಯನ್ನು ಮಾತ್ರ ಮೊದಲು ಪ್ರಿಂಟು ಹಾಕಿಸಿ ನೋಡುವುದು ಲೇಸು.