ಬ್ಲಡ್ ಬ್ಲಾಕೇಡ್ ಬ್ಯಾಟಲ್‌ಫ್ರಂಟ್, ಡೊರೊಹೆಡೊರೊ: ಯಾವುದನ್ನು ಮೊದಲು ನೋಡಬೇಕು?

ಎರಡೂ ಜಪಾನಿನ ಅನಿಮೆ (ಅನಿಮೇಷನ್) ಸರಣಿಗಳು. ಸಮಯ ಕಡಿಮೆಯಿದ್ದರೆ ಬ್ಲಡ್ ಬ್ಲಾಕೇಡ್ ಹಿಡಿಯಿರಿ. 2015ರ ಮೊದಲ ಸೀಸನ್ 12 ಕಂತು, ಅವಳಿ ಮಕ್ಕಳ ಕತೆ ಅಲ್ಲೇ ಮುಗಿಯುತ್ತದೆ. ಕೊನೆಯ ಕಂತು ಮಾತ್ರ ಹೆಚ್ಚುಕಡಿಮೆ ಎರಡು ಕಂತಿನಷ್ಟು ಉದ್ದ. 2020ರ ಡೊರೊಹೆಡೊರೊದ ಮೊದಲ ಸೀಸನ್ ಕತೆಯನ್ನು ನಡುದಾರಿಯಲ್ಲೇ ಬಿಡುತ್ತದೆ. ಅದರ ಮೂಲ ಮಾಂಗಾ (ಜಪಾನಿ ಚಿತ್ರಕತೆ) 23 ಸಂಪುಟ.

ಸಬ್‌ಟೈಟಲ್ ಓದುತ್ತಾ ನೋಡುವವರಿಗೆ ಬ್ಲಡ್ ಬ್ಲಾಕೇಡ್ ಕಷ್ಟ. ರಿಯೆ ಮತ್ಸುಮೊಟೊ ನಿರ್ದೇಶನದಲ್ಲಿ ದೃಶ್ಯಗಳು ಚಕಚಕನೆ ಬದಲಾಗುತ್ತವೆ. ಅಕ್ಷರದ ಮೇಲೆ ಕಣ್ಣಿಟ್ಟರೆ, ನ್ಯೂಯಾರ್ಕ್ ಹೋಗಿ ಹೆಲ್‌ಸಲೆಮ್ಸ್ ಲಾಟ್ ಆದ ಆ ನಗರದ ಬೀದಿಗಳೇ ತಪ್ಪಿಹೋಗುತ್ತವೆ. ಅದು ದೊಡ್ಡ ನಷ್ಟ!

ರಕ್ತ ಕಂಡರೆ ಆಗದವರು ಡೊರೊಹೆಡೊರೊ ಬಿಡಿ. ಹಲ್ಲಿತಲೆಯ ಕೈಮನ್ ಮಾಂತ್ರಿಕರ ತಲೆಯನ್ನು ಬಾಯೊಳಗೆ ತುರುಕಿಕೊಂಡೇ ವಿಚಾರಿಸುತ್ತಾನೆ. ಆದರೆ ಗೆಳತಿ ನಿಕೈದೊಳ ಅಂಗಡಿಯಲ್ಲಿ ಗ್ಯೋಜಾ (ಹೂರಣ ತುಂಬಿದ ಕಡುಬು) ತಿನ್ನುವ ಅವನು, ಅವಳು, ಅವರ ಸ್ನೇಹ ಇಷ್ಟವಾದರೆ, ಇದೇ ನಿಮಗೆ ಸರಿ.