ಎರಡು ಹಳೇ ಝೂಮ್ ಲೆನ್ಸ್, ಮೂರು ವರ್ಷ: ನನ್ನ ಆಯ್ಕೆ ಮಿನೋಲ್ಟಾ

ನನ್ನ ಸೋನಿ ಎ7 II ಕ್ಯಾಮೆರಾಗೆ ಹಳೇ ಮ್ಯಾನ್ಯುಯಲ್ (ಕೈಯಲ್ಲೇ ಫೋಕಸ್ ಮಾಡುವ) ಝೂಮ್ ಲೆನ್ಸ್ ಹಾಕಲು ಶುರುಮಾಡಿ ಮೂರು ವರ್ಷವಾಯಿತು. ಒಂದು ನಿಕಾನ್ ಎಐ 80-200 ಎಫ್/4.5, ಅಂದರೆ 80ರಿಂದ 200 ಮಿ.ಮೀ. ವರೆಗೆ ಝೂಮ್ ಆಗುವಂಥದ್ದು. ಇನ್ನೊಂದು ಮಿನೋಲ್ಟಾ ಎಂಡಿ 35-70 ಎಫ್/3.5. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಮಿನೋಲ್ಟಾ ಕೊಳ್ಳಿ ಅನ್ನುತ್ತೇನೆ. ಫೋಟೋ ಚೆನ್ನಾಗಿ ಬರುವ ಲೆಕ್ಕದಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಸ್ವಲ್ಪ ಕಿರಿದು ಮಾಡಿ ಎಫ್/8ಕ್ಕೆ ಇಟ್ಟರೆ ಎರಡೂ ನನಗೆ ಸಾಕು. ವ್ಯತ್ಯಾಸ ಗೊತ್ತಾಗುವುದು ಕೈಗೆ.

ನಿಕಾನ್‌ಗೆ ಒಂದೇ ರಿಂಗ್. ತಿರುಗಿಸಿದರೆ ಫೋಕಸ್, ಹಿಂದೆ ಮುಂದೆ ಜಾರಿಸಿದರೆ ಝೂಮ್. ಜಂಬೂ ಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಜನರ ಮಧ್ಯೆ ನಿಂತಾಗ ಇದು ನಿಜಕ್ಕೂ ಹಿತ. ಆನೆ ಹತ್ತಿರ ಬಂದಂತೆಲ್ಲ ಎಡಗೈ ಒಂದೇ ಎರಡೂ ಕೆಲಸ ಮಾಡುತ್ತದೆ. ಆದರೆ ಹಳೇ ಲೆನ್ಸ್ ಅಲ್ವಾ, ರಿಂಗ್ ಸಡಿಲ. ಚಾಮುಂಡಿ ಬೆಟ್ಟದ ಮೇಲೆ ಟ್ರೈಪಾಡ್ ಇಟ್ಟು, ಊರಿನ ದೀಪಗಳ ಕಡೆ ಕ್ಯಾಮೆರಾ ಬಗ್ಗಿಸಿದ್ದೆ. ಎಕ್ಸ್‌ಪೋಷರ್ ನಡೆಯುವಾಗಲೇ ರಿಂಗ್ ತಾನಾಗಿ ಜಾರಿತು. ದೀಪಗಳೆಲ್ಲ ಗೆರೆಗಳಾದವು. ಈಗ ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುತ್ತೇನೆ.

ಮಿನೋಲ್ಟಾದಲ್ಲಿ ಝೂಮ್‌ಗೆ ಒಂದು, ಫೋಕಸ್‌ಗೆ ಒಂದು ರಿಂಗ್. ಸ್ಕ್ರೀನ್‌ನಲ್ಲಿ ಚಿತ್ರ ಹಿಗ್ಗಿಸಿ ಫೋಕಸ್ ಮಾಡುವಾಗ ಝೂಮ್ ಅಲುಗಾಡುವುದಿಲ್ಲ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ 70ಕ್ಕೆ ಇಟ್ಟು, ಮಲ್ಲಿಗೆ ಕಟ್ಟುವ ಬೆರಳುಗಳ ಮೇಲೆ ನಿಧಾನವಾಗಿ ಫೋಕಸ್ ತರಬಹುದು.

ಅಡಾಪ್ಟರ್, ಅಂದರೆ ಬೇರೆ ಕಂಪನಿಯ ಲೆನ್ಸನ್ನು ಕ್ಯಾಮೆರಾಗೆ ಜೋಡಿಸುವ ಬಳೆ, ಅದರ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಿಕಾನ್ ಮೌಂಟ್‌ನಿಂದ (ಲೆನ್ಸ್ ಕೂರುವ ಜಾಗ) ಸೆನ್ಸರ್‌ಗೆ 46.5 ಮಿ.ಮೀ. ದೂರ ಇರಬೇಕು. ಸೋನಿಯಲ್ಲಿ ಇರುವುದು 18. ಹಾಗಾಗಿ ಅಡಾಪ್ಟರ್ ಸರಿಯಾಗಿ 28.5 ಮಿ.ಮೀ. ದಪ್ಪ ಇರಬೇಕು. ಅಗ್ಗದವು ಎಷ್ಟೋ ಸಲ ಅದಕ್ಕಿಂತ ಒಂದು ಕೂದಲೆಳೆಯಷ್ಟು ಕಡಿಮೆ ದಪ್ಪ ಇರುತ್ತವೆ. ಝೂಮ್ ಇಲ್ಲದ ಲೆನ್ಸ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಝೂಮ್‌ನಲ್ಲಿ ಗೊತ್ತಾಗುತ್ತದೆ. 200ರಲ್ಲಿ ಫೋಕಸ್ ಮಾಡಿ 80ಕ್ಕೆ ತಂದರೆ ಚಿತ್ರ ಮಸುಕು. ಲೆನ್ಸೇ ಕೆಟ್ಟಿದೆ ಅಂದುಕೊಂಡು ಆರು ತಿಂಗಳು ಅದನ್ನು ಮುಟ್ಟಲಿಲ್ಲ. ಬೇರೆ ಅಡಾಪ್ಟರ್ ಹಾಕಿದ ಮೇಲೆ ಸರಿಹೋಯಿತು.

ಕೈ ನಡುಗಿದರೂ ಫೋಟೋ ಮಸುಕಾಗದಂತೆ ಸೆನ್ಸರ್ ಅಲುಗಿಸಿ ಸರಿಪಡಿಸುವ, ಕ್ಯಾಮೆರಾದೊಳಗಿನ ಸ್ಟೆಬಿಲೈಸೇಷನ್‌ಗೆ ಲೆನ್ಸ್ ಎಷ್ಟು ಮಿ.ಮೀ. ಅಂತ ನಾವೇ ಹೇಳಬೇಕು. 200 ಅಂತ ಹೇಳಿ 80ರಲ್ಲಿ ತೆಗೆದರೆ ಅದು ಬೇಕಾದ್ದಕ್ಕಿಂತ ಜಾಸ್ತಿ ಅಲುಗಿ ಫೋಟೋ ಕೆಡಿಸುತ್ತದೆ. ನಿಕಾನ್‌ನಲ್ಲಿ ಪ್ರತಿ ಸಲ ಮೆನುಗೆ ಹೋಗಬೇಕು. ಮಿನೋಲ್ಟಾಗೆ 50 ಅಂತ ಇಟ್ಟುಬಿಟ್ಟಿದ್ದೇನೆ, ತೊಂದರೆ ಆಗಿಲ್ಲ.

ಕೊಳ್ಳುವಾಗ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಮಳೆಗಾಲದಲ್ಲಿ ನಾನು ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ.

ನಿಕಾನ್ ಮಾರಿಲ್ಲ. ದಸರಾ ಬಂದರೆ ಡಬ್ಬಿಯಿಂದ ಹೊರಗೆ ಬರುತ್ತದೆ.