ಪೀಕ್ ಫ್ಲೋ ಮೀಟರ್, 7 ವರ್ಷದ ಬಳಕೆ: ದಮ್ಮಿನ ಬಗ್ಗೆ ನನಗೆ ಜಾಸ್ತಿ ಹೇಳಿಕೊಟ್ಟಿದ್ದು ಇದೇ

ನಾನು ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿ. ಆಸ್ತಮಾ ಶುರುವಾಗಿದ್ದು 34ನೇ ವಯಸ್ಸಿನಲ್ಲಿ. 7 ವರ್ಷದಿಂದ ದಿನಾ ಬೆಳಿಗ್ಗೆ, ಸಂಜೆ ಪೀಕ್ ಫ್ಲೋ ಮೀಟರ್ ಊದಿ, ಬಂದ ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಅಂಗೈಯಷ್ಟು ಉದ್ದದ ಪ್ಲಾಸ್ಟಿಕ್ ಕೊಳವೆ. ಬ್ಯಾಟರಿ ಬೇಡ, ಆ್ಯಪ್ ಬೇಡ. ಎದೆಯಿಂದ ಗಾಳಿ ಎಷ್ಟು ಜೋರಾಗಿ ಹೊರಗೆ ಬರುತ್ತದೆ ಎಂದು ನಿಮಿಷಕ್ಕೆ ಇಷ್ಟು ಲೀಟರ್ ಲೆಕ್ಕದಲ್ಲಿ ತೋರಿಸುತ್ತದೆ.

ಇದು ಕೈಗೆ ಬರುವ ಮೊದಲು ನಾನು ಕೇಳದ ಸಲಹೆ ಇರಲಿಲ್ಲ. ಮೊಸರು ಬಿಡು ಅಂದರು. ಬಾಳೆಹಣ್ಣು ಬಿಡು ಅಂದರು. ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನಿನ ಪ್ರಸಾದ ನುಂಗಿ ಬಾ ಅಂದರು. ನಾನು ಹೋಗಲಿಲ್ಲ. ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದು ಇನ್ನೊಂದು: "ಇನ್‌ಹೇಲರ್ ಮಾತ್ರ ಹಿಡಿಯಬೇಡ, ಚಟ ಆಗುತ್ತೆ."

ಆ ಹೆದರಿಕೆಯಲ್ಲಿ ಒಂದು ವರ್ಷ ಮಾತ್ರೆಯಲ್ಲೇ ಕಳೆದೆ. ಹೆದರಿಕೆ ಬಿಟ್ಟಿದ್ದು ಒಂದು ಸಣ್ಣ ಲೆಕ್ಕದಿಂದ. ಬಿಗಿದ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರ್ ಒಂದು ಸಲ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಅದೇ ಔಷಧದ 4 ಮಿಲಿಗ್ರಾಂ ಮಾತ್ರೆ ಅಂದರೆ 4000 ಮೈಕ್ರೋಗ್ರಾಂ. ಮಾತ್ರೆ ಇಡೀ ಮೈ ಸುತ್ತಿ ಬರುತ್ತದೆ, ಕೈ ನಡುಗಿಸುತ್ತದೆ. ಇನ್‌ಹೇಲರ್ ನೇರ ಶ್ವಾಸನಾಳಕ್ಕೇ ಹೋಗುತ್ತದೆ. ಇಷ್ಟನ್ನು ಯಾರಾದರೂ ಮೊದಲ ದಿನವೇ ಹೇಳಿದ್ದರೆ ಎಷ್ಟು ರಾತ್ರಿಗಳು ಉಳಿಯುತ್ತಿದ್ದವು!

ಇನ್‌ಹೇಲರ್ ಬಂದ ಮೇಲೂ ಸರಿಹೋಗಲಿಲ್ಲ. ಬರೆದುಕೊಟ್ಟವರು ಹೇಗೆ ತೆಗೆದುಕೊಳ್ಳಬೇಕು ಎಂದು ತೋರಿಸಲಿಲ್ಲ. ಅಂಗಡಿಯವರು "ಒತ್ತಿ ಎಳ್ಕೊಳ್ಳಿ, ಅಷ್ಟೇ" ಅಂದರು. ಡಬ್ಬಿಯೊಳಗಿನ ಚೀಟಿ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿತ್ತು. 2 ವರ್ಷ ಔಷಧವನ್ನು ನಾಲಿಗೆಗೇ ಹೊಡೆದುಕೊಂಡೆ. ಬೇರೊಂದು ಆಸ್ಪತ್ರೆಯ ಎದೆರೋಗ ವಿಭಾಗದ ಸಿಸ್ಟರ್ ಒಬ್ಬರು ಐದೇ ನಿಮಿಷದಲ್ಲಿ ತಿದ್ದಿದರು. ಒತ್ತುವ ಇನ್‌ಹೇಲರ್ ಆದರೆ ನಿಧಾನಕ್ಕೆ, ಆಳವಾಗಿ ಎಳೆಯಬೇಕು. ಪುಡಿಯದಾದರೆ ಜೋರಾಗಿ, ಒಮ್ಮೆಲೇ ಎಳೆಯಬೇಕು. ಆಮೇಲೆ ಸುಮಾರು 10 ಸೆಕೆಂಡು ಉಸಿರು ಹಿಡಿಯಬೇಕು. ಸ್ಟೆರಾಯ್ಡ್ ಇನ್‌ಹೇಲರ್ ಆದರೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಸ್ಪೇಸರ್, ಅಂದರೆ ಒತ್ತುವ ಇನ್‌ಹೇಲರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿಯನ್ನು, ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಬೇಕು. ಬಟ್ಟೆಯಿಂದ ಉಜ್ಜಿದರೆ ಒಳಗೋಡೆಗೆ ಔಷಧ ಅಂಟಿಕೊಳ್ಳುತ್ತದೆ. ಪೀಕ್ ಫ್ಲೋ ಮೀಟರ್ ಎಂಬುದೊಂದು ಇದೆ ಎಂದು ಹೇಳಿದವರೂ ಅವರೇ. ಆ ತಾಯಿಗೆ ನಾನು ಇವತ್ತಿಗೂ ಋಣಿ.

ಊದುವುದು ಸುಲಭ. ಮುಳ್ಳನ್ನು ಸೊನ್ನೆಗೆ ತಂದು, ನಿಂತುಕೊಂಡು, ಎದೆ ತುಂಬ ಉಸಿರೆಳೆದು, ತುಟಿ ಬಿಗಿಯಾಗಿ ಮುಚ್ಚಿ ಒಮ್ಮೆಲೇ ಫೂ ಎಂದು ಊದಬೇಕು. 3 ಸಲ ಊದಿ, ಅದರಲ್ಲಿ ಜಾಸ್ತಿ ಬಂದದ್ದನ್ನು ಬರೆಯಬೇಕು. ಮುಳ್ಳು ಸರಿಯುವ ಜಾಗಕ್ಕೆ ಬೆರಳು ತಾಗಬಾರದು. ಆರೋಗ್ಯ ಚೆನ್ನಾಗಿದ್ದಾಗ ನನಗೆ ಬರುವ ಅತಿ ಹೆಚ್ಚು ಅಂಕಿ 400. ಡಾಕ್ಟರು ಅದರ ಮೇಲೆ ಗೆರೆ ಹಾಕಿಕೊಟ್ಟರು. 320ರ ಮೇಲಿದ್ದರೆ ಹಸಿರು. 200ರಿಂದ 320ರವರೆಗೆ ಹಳದಿ. 200ಕ್ಕಿಂತ ಕೆಳಗೆ ಇಳಿದರೆ ಕೆಂಪು. ಅಂದರೆ ನನ್ನ ಅತ್ಯುತ್ತಮದ ಶೇ. 80 ಮತ್ತು ಶೇ. 50. ಹಳದಿಯಲ್ಲಿ ಯಾವ ಔಷಧ ಎಷ್ಟು, ಕೆಂಪಿನಲ್ಲಿ ಏನು ಮಾಡಿ ಎಷ್ಟು ಬೇಗ ಆಸ್ಪತ್ರೆಗೆ ಹೊರಡಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ನಿಮ್ಮ ಗೆರೆ ಬೇರೆ, ನಿಮ್ಮ ಹಾಳೆ ಬೇರೆ. ನನ್ನದನ್ನು ನಕಲು ಮಾಡಬೇಡಿ.

ಇದರ ನಿಜವಾದ ಬೆಲೆ ಗೊತ್ತಾದದ್ದು ಎರಡನೇ ವರ್ಷ. ಔಷಧ ಸರಿಯಾಗಿ ತೆಗೆದುಕೊಳ್ಳುತ್ತಿದ್ದೆ. ಆದರೂ ಬೆಳಗಿನ ಅಂಕಿ 330, 340 ದಾಟುತ್ತಿರಲಿಲ್ಲ. ಸಂಜೆ ಏರುತ್ತಿತ್ತು. ತಪ್ಪು ಶಾಲೆಯ ಸೀಮೆಸುಣ್ಣದ್ದು ಎಂದೇ ನಂಬಿದ್ದೆ. ದಸರಾ ರಜೆಗೆ ಶಿವಮೊಗ್ಗದ ಅಕ್ಕನ ಮನೆಗೆ ಹೋದೆ. ಮೂರನೇ ಬೆಳಿಗ್ಗೆ 380. ಐದನೇ ಬೆಳಿಗ್ಗೆ 400. ರಜೆ ಇನ್ನೂ ಇತ್ತು, ವಾಪಸ್ ಬಂದೆ. ಶಾಲೆಗೆ ಕಾಲಿಡುವ ಮೊದಲೇ ಮತ್ತೆ 340. ಹಾಗಾದರೆ ಸೀಮೆಸುಣ್ಣ ಅಲ್ಲ, ಅಲ್ವಾ? ನೋಟ್‌ಬುಕ್ ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಮಲಗುವುದು ಯಾವುದರ ಮೇಲೆ?" ಮದುವೆಯಲ್ಲಿ ಕೊಟ್ಟ ಹತ್ತಿಯ ಗಾದಿ. ಹತ್ತು ವರ್ಷ ಹಳೆಯದು. ಅದರೊಳಗೆ ಕಣ್ಣಿಗೆ ಕಾಣದ ಧೂಳುಹುಳುಗಳು ಬೆಳೆಯುತ್ತವೆ. ಗಾದಿ ತೆಗೆದು ಹೊಸದು ಹಾಕಿದೆವು, ಮೇಲೆ ಒತ್ತು ನೇಯ್ಗೆಯ ಕವರು. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಲ್ಲಿ ಒಗೆಯಲು ಶುರು ಮಾಡಿದೆ. ತಿಂಗಳಲ್ಲಿ ಬೆಳಗಿನ ಅಂಕಿ 380ಕ್ಕೆ ಬಂತು. ನನ್ನ ಗಾದಿಯ ವಿಷಯ ಯಾವ ಪುಸ್ತಕದಲ್ಲಿ ಬರೆದಿರುತ್ತದೆ ಹೇಳಿ?

ಹಾಗಂತ ಓದುವುದನ್ನು ಬಿಟ್ಟಿಲ್ಲ. ಜಿನಾ, ಅಂದರೆ ಗ್ಲೋಬಲ್ ಇನಿಶಿಯೇಟಿವ್ ಫಾರ್ ಆಸ್ತಮಾ, 1993ರಿಂದ ಕೆಲಸ ಮಾಡುತ್ತಿರುವ ಸಂಸ್ಥೆ. ಹಲವು ದೇಶಗಳ ವೈದ್ಯರು ಅನುಸರಿಸುವ ಮಾರ್ಗಸೂಚಿ ಇವರದು. ಆರಾಮ ಕೊಡುವ ನೀಲಿ ಸಾಲ್ಬುಟಮಾಲ್ ಇನ್‌ಹೇಲರ್ ಒಂದನ್ನೇ ನಂಬಿ ಕೂರಬಾರದು, ದೊಡ್ಡವರಿಗೂ ಹದಿಹರೆಯದವರಿಗೂ ಒಳಗಿನ ಊತ ಇಳಿಸುವ ಸ್ಟೆರಾಯ್ಡ್ ಇನ್‌ಹೇಲರ್ ಬೇಕು ಎಂದು 2019ರಲ್ಲಿ ಇವರು ಸ್ಪಷ್ಟವಾಗಿ ಹೇಳಿದರು. ಇವರ 4 ಪ್ರಶ್ನೆ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿವೆ. ಕಳೆದ 4 ವಾರದಲ್ಲಿ ಹಗಲು ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ತೊಂದರೆ ಆಯಿತಾ? ದಮ್ಮಿನಿಂದ ರಾತ್ರಿ ಎಚ್ಚರ ಆಯಿತಾ? ನೀಲಿ ಇನ್‌ಹೇಲರ್ ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ಬೇಕಾಯಿತಾ? ಮಾಡುವ ಕೆಲಸ ನಿಂತಿತಾ? ನಾಲ್ಕಕ್ಕೂ ಇಲ್ಲ ಅಂದರೆ ಹತೋಟಿಯಲ್ಲಿದೆ. ಇನ್‌ಹೇಲರ್ ಬಳಸುವ ರೀತಿಗೆ ಬ್ರಿಟನ್ನಿನ ಆಸ್ತಮಾ ಪ್ಲಸ್ ಲಂಗ್ ಯುಕೆ ಸಂಸ್ಥೆಯ ವಿಡಿಯೋಗಳು ಚೆನ್ನಾಗಿವೆ. ಒಂದೊಂದು ಬಗೆಗೆ ಒಂದೊಂದು ಇದೆ. ಭಾಷೆ ಬರದಿದ್ದರೂ ಕೈ ನೋಡಿ ಕಲಿಯಬಹುದು. ಇಷ್ಟೇ ಚೆನ್ನಾಗಿ ಕನ್ನಡದಲ್ಲೂ ಎಲ್ಲ ಆಸ್ಪತ್ರೆಗಳಲ್ಲಿ ತೋರಿಸಬೇಕು ಎಂಬುದು ನನ್ನ ದೊಡ್ಡ ಆಸೆ.

ಮೀಟರಿನ ಕೊರತೆಗಳನ್ನೂ ಹೇಳುತ್ತೇನೆ. ಮನಸ್ಸಿಟ್ಟು ಊದದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. 5 ವರ್ಷದ ಒಳಗಿನ ಮಕ್ಕಳಿಗೆ ಸರಿಯಾಗಿ ಊದಲು ಆಗುವುದಿಲ್ಲ. ನನ್ನ ಮೊದಲ ಮೀಟರಿನ ಮುಳ್ಳು ನಾಲ್ಕನೇ ವರ್ಷ ಸಡಿಲವಾಯಿತು. ಹೊಸದು ತಂದ ಮೇಲೆ ಒಂದು ವಾರ ಎರಡನ್ನೂ ಊದಿ ವ್ಯತ್ಯಾಸ ನೋಡಿಕೊಂಡೆ, ಯಾಕೆಂದರೆ ಎರಡು ಮೀಟರ್ ಒಂದೇ ಅಂಕಿ ತೋರಿಸುವುದಿಲ್ಲ. ಮುಖ್ಯವಾದ ಮಾತು, ಒಂದು ವಾಕ್ಯ ಪೂರ್ತಿ ಆಡಲು ಆಗದಷ್ಟು ಉಸಿರು ಕಟ್ಟಿದರೆ ಮೀಟರ್ ಹುಡುಕುತ್ತಾ ಕೂರಬೇಡಿ. ಇನ್‌ಹೇಲರ್ ತೆಗೆದುಕೊಳ್ಳುತ್ತಲೇ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ.

ಡಾಕ್ಟರು ಕೊಟ್ಟ ಹಾಳೆಯನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಅಡುಗೆಮನೆ ಕಪಾಟಿನ ಬಾಗಿಲಿಗೆ ಅಂಟಿಸಿದ್ದೇನೆ. ಇನ್‌ಹೇಲರ್ ಚಟ ಆಗುತ್ತದೆ ಎಂದು ಹೆದರುತ್ತಿದ್ದ ನಮ್ಮತ್ತೆ ಈಗ ದಿನಾ ಬೆಳಿಗ್ಗೆ ಕಾಫಿ ಲೋಟ ಕೊಡುತ್ತಾ ಕೇಳುತ್ತಾರೆ, "ಇವತ್ತು ಎಷ್ಟು ಬಂತಮ್ಮಾ?"